ಬಾಡಿಗೆ ಮನೆ: ಕೊಳ್ಳುವ ಮುನ್ನ, ಕೊಂಡ ಮೇಲೆ



ಕಳೆದ ತಿಂಗಳು ನಮ್ಮ ಯುವ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಚೀಟಿ ಇಟ್ಟರು. 2024-25ರಲ್ಲಿ ಕಾಫಿಗೆ ಬಂದ ದಾಖಲೆ ಬೆಲೆಯಿಂದ ಅವರ ಕೈಯಲ್ಲಿ ನಾಲ್ಕು ಕಾಸು ಉಳಿದಿತ್ತು. "ಅಣ್ಣ, ಕೊಟ್ಟೂರಿನಲ್ಲಿ ಒಂದೇ ಸಾಲಿನ ನಾಲ್ಕು ಮನೆ ನಲವತ್ತು ಲಕ್ಷಕ್ಕೆ ಬರುತ್ತೆ. ಮನೆಗೆ ನಾಲ್ಕು ಸಾವಿರದಂತೆ ತಿಂಗಳಿಗೆ ಹದಿನಾರು ಸಾವಿರ ಬಾಡಿಗೆ. ಅರ್ಧ ದುಡ್ಡು ನನ್ನ ಹತ್ತಿರ ಇದೆ, ಉಳಿದರ್ಧ ಬ್ಯಾಂಕಿನವರು ಕೊಡ್ತಾರೆ. ಅಡಿಕೆಗಾದರೆ ಕೊಳೆ ಬರುತ್ತೆ, ಗೋಡೆಗೆ ಕೊಳೆ ಬರಲ್ಲವಲ್ಲ?" ಎಂದರು.

ಅವರ ಪತ್ನಿಯ ತವರು ಆ ಸೀಮೆ. ನನ್ನ ತಾಯಿಯ ತವರೂ ಕೊಟ್ಟೂರೇ. ತಾಯಿಯ ಪಾಲಿಗೆ ಬಂದ ಮೂರು ಸಣ್ಣ ಮನೆಗಳನ್ನು ಹದಿನೈದು ವರ್ಷಗಳಿಂದ ನಾನು ಬಾಡಿಗೆಗೆ ಕೊಟ್ಟು ನೋಡಿಕೊಳ್ಳುತ್ತಿದ್ದೇನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದರೆ ಕಾಫಿ ಕೊಯ್ಲಿಗೆ ಜನ ಬರುವ ಊರುಗಳೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಈಗ ನಮ್ಮ ಕಡೆಯ ಹಣವೂ ಅತ್ತ ಹೋಗುವ ಮಾತು ಕೇಳಿಬರುತ್ತಿದೆ. ಆದ್ದರಿಂದ ಆ ಸದಸ್ಯರಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಈ ಸಂಚಿಕೆಯ ಪಾಠವಾಗಿ ಕೊಡುತ್ತಿದ್ದೇನೆ. ಇದರಲ್ಲಿ ನಾನು ಮಾಡಿದ ತಪ್ಪುಗಳೂ ಇವೆ. ಅವನ್ನು ಮುಚ್ಚಿಟ್ಟರೆ ಪಾಠ ಅರ್ಧವಾಗುತ್ತದೆ.

1. ಮೊದಲು ಊರು, ಆಮೇಲೆ ಮನೆ

ತೋಟ ಕೊಳ್ಳುವಾಗ ಮಣ್ಣು, ನೀರು, ನೆರಳು ನೋಡುತ್ತೇವೆ. ಬಾಡಿಗೆ ಮನೆ ಕೊಳ್ಳುವಾಗ ನೋಡಬೇಕಾದದ್ದು ಆ ಊರಿನಲ್ಲಿ ಬಾಡಿಗೆಗೆ ಇರುವವರು ಯಾರು ಎಂಬುದನ್ನು.

2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಈ ಐದೂ ಊರುಗಳು ಹೊಸಪೇಟೆಯ ಆಡಳಿತಕ್ಕೆ ಸೇರಿವೆ. ಐದೂ ತಾಲ್ಲೂಕು ಕೇಂದ್ರಗಳೇ. ಆದರೆ ಬಾಡಿಗೆಯ ವಿಷಯದಲ್ಲಿ ಒಂದರಂತೆ ಇನ್ನೊಂದಿಲ್ಲ.

ಕೊಟ್ಟೂರು ಗುರುಬಸವೇಶ್ವರ ಸ್ವಾಮಿಯ ಊರು, ಜೊತೆಗೆ ವಿದ್ಯಾರ್ಥಿಗಳ ಊರು. ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ರಾಜ್ಯಕ್ಕೆ ಮೊದಲಿಗರಾದವರು ಹಲವು ವರ್ಷ ಇದೇ ಊರಿನ ಕಾಲೇಜಿನಿಂದ ಬಂದಿದ್ದಾರೆ. ದೂರದ ಜಿಲ್ಲೆಗಳಿಂದ ಬಂದ ಮಕ್ಕಳು ರೂಮು ಮಾಡಿಕೊಂಡು ಓದುತ್ತಾರೆ. ಇಲ್ಲಿ ರೂಮಿಗೆ ಬೇಡಿಕೆ ಇದೆ. ಆದರೆ ಪರೀಕ್ಷೆ ಮುಗಿದ ಮೇಲೆ ಹೊಸ ತರಗತಿ ಶುರುವಾಗುವವರೆಗೆ ರೂಮು ಖಾಲಿ.

ಹರಪನಹಳ್ಳಿಯಲ್ಲಿ ಉಪವಿಭಾಗಾಧಿಕಾರಿಗಳ ಕಚೇರಿ ಇದೆ. ಕೂಡ್ಲಿಗಿ ರಾಷ್ಟ್ರೀಯ ಹೆದ್ದಾರಿ 50ರ ಮೇಲಿದೆ. ಈ ಎರಡು ಕಡೆ ನೌಕರರು, ಶಿಕ್ಷಕರು ಮನೆ ಹುಡುಕುತ್ತಾರೆ. ಬಾಡಿಗೆ ಸಮಯಕ್ಕೆ ಬರುತ್ತದೆ, ಆದರೆ ವರ್ಗಾವಣೆಯಾದರೆ ಒಂದೇ ತಿಂಗಳಲ್ಲಿ ಮನೆ ಖಾಲಿ. ಹಗರಿಬೊಮ್ಮನಹಳ್ಳಿ ವ್ಯಾಪಾರದ ಊರು. ಅಲ್ಲಿ ರಸ್ತೆ ಬದಿಯ ಮಳಿಗೆಗೆ ಬೆಲೆ ಹೆಚ್ಚು, ಒಳಗಿನ ಓಣಿಯ ಮನೆಗೆ ಕಡಿಮೆ. ಮಲ್ಲಿಗೆಗೆ ಹೆಸರಾದ ಹೂವಿನಹಡಗಲಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ಅದರ ಹತ್ತಿರದ ಮನೆಗೂ ಹಳೆಯ ಊರಿನ ಮನೆಗೂ ಬಾಡಿಗೆದಾರರು ಬೇರೆ ಬೇರೆ. ಹೊಸಪೇಟೆ–ಹರಿಹರ ರೈಲು ಮಾರ್ಗ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಮುಟ್ಟುತ್ತದೆ. ಕೂಡ್ಲಿಗಿ, ಹಡಗಲಿಗೆ ಬಸ್ಸೇ ಗತಿ.

ದಲ್ಲಾಳಿಯ ಮಾತು ಕೇಳುವ ಮೊದಲು ಆ ಓಣಿಯಲ್ಲಿ ಒಂದು ಸಂಜೆ ಓಡಾಡಿ. ಕಿರಾಣಿ ಅಂಗಡಿಯವರನ್ನು ಮೂರು ಪ್ರಶ್ನೆ ಕೇಳಿ: ಇಲ್ಲಿ ಖಾಲಿ ಬಿದ್ದ ಮನೆ ಎಷ್ಟು? ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಈ ಮನೆಯಲ್ಲಿದ್ದವರು ಯಾಕೆ ಬಿಟ್ಟು ಹೋದರು? ಮೂರನೆಯ ಪ್ರಶ್ನೆಗೆ ಬರುವ ಉತ್ತರವನ್ನು ಮಾರುವವರು ನಿಮಗೆ ಹೇಳಿರುವುದಿಲ್ಲ.

2. ಬಾಡಿಗೆ ಬೇರೆ, ಆದಾಯ ಬೇರೆ

ಆ ಸದಸ್ಯರ ಚೀಟಿಯ ಹಿಂಬದಿಯಲ್ಲಿಯೇ ನಾವಿಬ್ಬರೂ ಕುಳಿತು ಲೆಕ್ಕ ಹಾಕಿದೆವು. ನಾಲ್ಕು ಮನೆಗೆ ತಿಂಗಳಿಗೆ 16,000 ರೂ. ಎಂದರೆ ವರ್ಷಕ್ಕೆ 1,92,000 ರೂ. ನಲವತ್ತು ಲಕ್ಷಕ್ಕೆ ಇದು ಶೇ 4.8. ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದದ್ದು ಈ ಅಂಕಿ.

ಇದರಲ್ಲಿ ಕಳೆಯಬೇಕಾದದ್ದು ಹೀಗೆ:

ಪ್ರತಿ ಮನೆ ವರ್ಷದಲ್ಲಿ ಒಂದು ತಿಂಗಳು ಖಾಲಿ: 16,000 ರೂ.
ಆಸ್ತಿ ತೆರಿಗೆ ಇತ್ಯಾದಿ: 6,000 ರೂ.
ಸುಣ್ಣ ಬಣ್ಣ, ಸಣ್ಣ ದುರಸ್ತಿ: 20,000 ರೂ.
ಪಂಪು, ನೀರಿನ ವೆಚ್ಚ: 6,000 ರೂ.
ಅಲ್ಲಿ ನೋಡಿಕೊಳ್ಳುವವರಿಗೆ, ನಮ್ಮ ಓಡಾಟಕ್ಕೆ: 12,000 ರೂ.
ಮುಂದಿನ ದೊಡ್ಡ ದುರಸ್ತಿಗೆ ತೆಗೆದಿಡುವುದು: 12,000 ರೂ.
ಒಟ್ಟು: 72,000 ರೂ.

ಉಳಿಯುವುದು 1,20,000 ರೂ. ಇನ್ನು ಖರೀದಿಯ ಕಡೆ ನೋಡಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಉಪಕರ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಪಟ್ಟಣದಲ್ಲಿ ಎಲ್ಲ ಸೇರಿ ಸುಮಾರು ಶೇ 7.6. ಅಂದರೆ ನಲವತ್ತು ಲಕ್ಷದ ಮನೆ ನಮಗೆ ಬೀಳುವುದು ಸುಮಾರು 43,04,000 ರೂಪಾಯಿಗೆ. ಇದರ ಮೇಲೆ 1,20,000 ಎಂದರೆ ಶೇ 2.8.

ಈಗ ಸಾಲದ ಭಾಗ. ಇಪ್ಪತ್ತು ಲಕ್ಷ ಸಾಲಕ್ಕೆ ಶೇ 9 ಬಡ್ಡಿ, ಹದಿನೈದು ವರ್ಷ ಎಂದು ಹಿಡಿದರೆ ತಿಂಗಳ ಕಂತು ಸುಮಾರು 20,285 ರೂ. ವರ್ಷಕ್ಕೆ 2,43,400 ರೂ. ಮನೆಗಳಿಂದ ಉಳಿದ 1,20,000 ಕಳೆದರೆ, ಇನ್ನೂ 1,23,400 ರೂಪಾಯಿ ಪ್ರತಿ ವರ್ಷ ತೋಟದಿಂದಲೇ ಹೋಗಬೇಕು. ರಾಶಿ ಅಡಿಕೆಗೆ ಕ್ವಿಂಟಾಲ್‌ಗೆ 50,000 ರೂ. ಎಂದು ಹಿಡಿದರೂ ವರ್ಷಕ್ಕೆ ಎರಡೂವರೆ ಕ್ವಿಂಟಾಲ್ ಅಡಿಕೆ ಹದಿನೈದು ವರ್ಷ ಆ ಗೋಡೆಗಳಿಗೆ ಹೋಗುತ್ತದೆ. ಬೆಲೆ ಬಿದ್ದ ವರ್ಷ ಮೂರು, ನಾಲ್ಕು ಕ್ವಿಂಟಾಲ್.

ಆ ಸದಸ್ಯರು ಸುಮ್ಮನೆ ಕುಳಿತರು. "ಹಾಗಾದರೆ ಮನೆ ಕೊಳ್ಳಲೇಬಾರದಾ ಅಣ್ಣ?" ಎಂದು ಕೇಳಿದರು. ಹಾಗಲ್ಲ. ನಿವೇಶನದ ಬೆಲೆ ಏರಬಹುದು, ಬಾಡಿಗೆಯೂ ಏರೀತು. ಸಾಲ ತೀರಿದ ಮೇಲೆ ಮನೆ ನಮ್ಮದು. ಆದರೆ ಬೆಲೆ ಏರುತ್ತದೆಂಬ ನಂಬಿಕೆಯಿಂದ ಈ ತಿಂಗಳ ಕಂತು ಕಟ್ಟಲು ಬರುವುದಿಲ್ಲ. ಮನೆಯ ಕಂತಿಗೆ ತೋಟದ ಗೊಬ್ಬರದ ಹಣ ಕೈ ಹಾಕುವಂತಿದ್ದರೆ ಆ ಮನೆ ನಮಗೆ ದೊಡ್ಡದಾಯಿತು ಎಂದೇ ಅರ್ಥ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಸಂಘದಿಂದ ಪಡೆದ ಬೆಳೆ ಸಾಲವನ್ನು ಇದಕ್ಕೆ ತಿರುಗಿಸುವ ಯೋಚನೆಯನ್ನಂತೂ ಯಾವ ಸದಸ್ಯರೂ ಮಾಡಬಾರದು. ಅದು ಬೆಳೆಗೆಂದು ಸರ್ಕಾರ ಬಡ್ಡಿ ಭರಿಸಿ ಕೊಡಿಸುವ ಹಣ.

3. ಕಾಗದ ಪತ್ರ

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ವಕೀಲರಿಗೆ ತೋರಿಸದೆ ಯಾರೂ ಮುಂಗಡ ಕೊಡಬಾರದು. ಪಟ್ಟಣ ಪಂಚಾಯಿತಿ ಅಥವಾ ಪುರಸಭೆಯ ಇ-ಖಾತೆ ಇಲ್ಲದೆ ಈಗ ಪಟ್ಟಣದ ಆಸ್ತಿ ನೋಂದಣಿಯಾಗುವುದಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ ನೋಡಬೇಕು. ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸಬೇಕು. ಜಮೀನು ಕೃಷಿಯಿಂದ ವಾಸಕ್ಕೆ ಪರಿವರ್ತನೆಯಾಗಿದೆಯೇ, ಬಡಾವಣೆಗೆ ಅನುಮೋದನೆ ಇದೆಯೇ ಎಂದು ಕೇಳಬೇಕು. ಊರ ಹೊರಗಿನ ಹೊಲದಲ್ಲಿ ಕಲ್ಲು ನೆಟ್ಟು ಮಾರುವ ನಿವೇಶನಗಳಲ್ಲಿ ಮೋಸ ಹೋಗುವುದು ಇಲ್ಲೇ.

ಪಿತ್ರಾರ್ಜಿತ ಮನೆಯಾದರೆ ವಂಶವೃಕ್ಷ ನೋಡಿ. 2005ರ ತಿದ್ದುಪಡಿಯಿಂದ ಹೆಣ್ಣು ಮಕ್ಕಳಿಗೂ ಗಂಡು ಮಕ್ಕಳಷ್ಟೇ ಹಕ್ಕಿದೆ. ಅಣ್ಣ ತಮ್ಮಂದಿರು ಮಾತ್ರ ಸಹಿ ಮಾಡಿದ ಕ್ರಯಪತ್ರ ಹಿಡಿದುಕೊಂಡು ಬಂದರೆ, ಅಕ್ಕ ತಂಗಿಯರು ಎಲ್ಲಿದ್ದಾರೆಂದು ಕೇಳುವುದು ಸಂಕೋಚದ ವಿಷಯವಲ್ಲ.

4. ಕರಾರು ಬರೆಯಿರಿ

ನಮ್ಮ ಹಿರಿಯರ ಕಾಲದಲ್ಲಿ ಬಾಯಿ ಮಾತೇ ಕರಾರು. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇದ್ದಾಗ ಮನೆ ಕೊಟ್ಟರೆ ಹೋಯಿತು ಎಂಬ ಭಯವೂ ಇತ್ತು. ಆ ಕಾಯ್ದೆಯ ಬದಲಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಅದು ಎಲ್ಲ ಮನೆಗೂ ಅನ್ವಯಿಸುವುದಿಲ್ಲ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂ., ಇತರ ಊರುಗಳಲ್ಲಿ 2,000 ರೂ. ಮೀರಿದ ಬಾಡಿಗೆಯ ಮನೆಗಳು ಅದರಿಂದ ಹೊರಗೆ. ಅಂಥ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಆಧಾರ. ಅದರ ಪ್ರಕಾರ, ಕರಾರಿನಲ್ಲಿ ಬೇರೆ ಬರೆಯದಿದ್ದರೆ, ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸಲು ಅಥವಾ ಬಿಡಲು ಬರಹದಲ್ಲಿ 15 ದಿನಗಳ ನೋಟೀಸು ಬೇಕು.

ಹನ್ನೊಂದು ತಿಂಗಳ ಕರಾರು ಏಕೆ ರೂಢಿಯಾಯಿತೆಂದು ಹಲವರು ಕೇಳುತ್ತಾರೆ. ಒಂದು ವರ್ಷ ಮೀರಿದ ಗೇಣಿ ಅಥವಾ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಅದಕ್ಕೆ ಒಂದು ತಿಂಗಳು ಕಡಿಮೆ ಬರೆಯುವುದು ವಾಡಿಕೆ. ವಾಸದ ಮನೆಗೆ ಇದು ಸಾಕು. ಮಳಿಗೆಯನ್ನು ಮೂರು, ಐದು ವರ್ಷಕ್ಕೆ ಕೊಡುವುದಾದರೆ ನೋಂದಣಿ ಮಾಡಿಸಿ. ಅದು ಇಬ್ಬರಿಗೂ ಕ್ಷೇಮ.

ಕರಾರಿನಲ್ಲಿ ಇಷ್ಟು ಇರಲಿ: ಬಾಡಿಗೆ ಎಷ್ಟು, ಯಾವ ತಾರೀಖಿಗೆ, ಯಾವ ಖಾತೆಗೆ, ಠೇವಣಿ ಎಷ್ಟು, ಮನೆ ಬಿಟ್ಟ ಎಷ್ಟು ದಿನದೊಳಗೆ ವಾಪಸು, ವರ್ಷಕ್ಕೆ ಬಾಡಿಗೆ ಏರಿಕೆ ಎಷ್ಟು, ನೀರು, ವಿದ್ಯುತ್ ಯಾರದು, ಯಾವ ದುರಸ್ತಿ ಮಾಲೀಕರದು, ಯಾವುದು ಬಾಡಿಗೆದಾರರದು, ಬಿಡುವ ಮುನ್ನ ಎಷ್ಟು ದಿನದ ಸೂಚನೆ. ಜೊತೆಗೆ ಫ್ಯಾನು, ನಲ್ಲಿ, ಕಿಟಕಿ ಗಾಜು, ಬಾಗಿಲ ಚಿಲಕ ಎಲ್ಲದರ ಪಟ್ಟಿ ಮಾಡಿ, ಒಳಗೆ ಬರುವ ದಿನವೇ ಇಬ್ಬರೂ ಸಹಿ ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ವಿದ್ಯಾರ್ಥಿಗಳಾದರೆ ತಂದೆ ಅಥವಾ ಪೋಷಕರ ಸಹಿಯೂ ಬೇಕು. ಮನೆ ಬಿಡುವ ದಿನದ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಪಟ್ಟಿ ಇಲ್ಲದ್ದರಿಂದ ಬರುತ್ತವೆ.

5. ಠೇವಣಿ ನಮ್ಮ ಹಣವಲ್ಲ

ಈ ಪಾಠದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳಿ ಎಂದರೆ ಇದನ್ನೇ ಹೇಳುತ್ತೇನೆ.

2016ರಲ್ಲಿ ನನ್ನ ಒಂದು ಮನೆಯನ್ನು ಮೂರು ವರ್ಷದ ಭೋಗ್ಯಕ್ಕೆ ಕೊಟ್ಟೆ. ಬಂದವರು ಒಬ್ಬ ಶಾಲಾ ಮೇಷ್ಟರು. ಎರಡು ಲಕ್ಷ ರೂಪಾಯಿ ಒಟ್ಟಿಗೆ ಕೊಟ್ಟರು. ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಎರಡು ಲಕ್ಷ ವಾಪಸು. ಆ ಮನೆಗೆ ಆಗ ಸಿಗುತ್ತಿದ್ದ ಬಾಡಿಗೆ 2,000 ರೂ. ವರ್ಷಕ್ಕೆ 24,000 ಬಾಡಿಗೆ ಬಿಟ್ಟುಕೊಟ್ಟೆನೆಂದರೆ, ಎರಡು ಲಕ್ಷಕ್ಕೆ ಶೇ 12 ಬಡ್ಡಿ ಕೊಟ್ಟಂತೆ. ಅಂದರೆ ಭೋಗ್ಯ ಎಂಬುದು ಸಾಲವೇ. ಬಿ.ಎಸ್ಸಿ. ಓದಿದ ನನಗೆ ಅಂದು ಆ ಲೆಕ್ಕ ಹೊಳೆಯಲಿಲ್ಲ. ಕೈಗೆ ಬಂದ ಹಣವನ್ನು ತೋಟದ ಕೊಳವೆ ಬಾವಿಗೂ ಪೈಪಿಗೂ ಹಾಕಿದೆ.

2018ರ ಮಳೆಗಾಲ ನಿಮಗೆಲ್ಲ ನೆನಪಿದೆ. ಕಾಫಿ ಉದುರಿತು, ಅಡಿಕೆಗೆ ಕೊಳೆ ಬಂತು. ಮರುವರ್ಷ 2019ರ ಮೇ ತಿಂಗಳಲ್ಲಿ ಭೋಗ್ಯದ ಅವಧಿ ಮುಗಿಯಿತು. ಮೇಷ್ಟರಿಗೆ ಬೇರೆ ತಾಲ್ಲೂಕಿಗೆ ವರ್ಗವಾಗಿತ್ತು. ಅಲ್ಲಿ ಮನೆಗೆ ಮುಂಗಡ ಕೊಡಬೇಕು, ಮಗಳನ್ನು ಕಾಲೇಜಿಗೆ ಸೇರಿಸಬೇಕು. ನನ್ನ ಕೈ ಖಾಲಿ. "ಈ ಸಲ ಮಳೆ ಹಾಳು ಮಾಡಿತು ಮೇಷ್ಟ್ರೆ, ಸ್ವಲ್ಪ ತಡೀರಿ" ಎಂದು ಫೋನಿನಲ್ಲಿ ಹೇಳಿದೆ. ಆತ ಸಿಟ್ಟಾಗಲಿಲ್ಲ. "ನಿಮ್ಮ ತ್ವಾಟದಾಗ ಮಳಿ ಹೆಚ್ಚಾತು ಅಂದ್ರ ನಮ್ಮ ರೊಕ್ಕ ಯಾಕ ತೋಯಬೇಕ್ರೀ ಗೌಡ್ರೆ?" ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ.

ನಾಲ್ಕು ತಿಂಗಳ ಮೇಲೆ, ಮನೆಯವರ ಒಡವೆ ಅಡವಿಟ್ಟು ಆ ಹಣ ಕೊಟ್ಟೆ. ಅಷ್ಟರಲ್ಲಿ ಮೇಷ್ಟರು ಕೈಸಾಲ ಮಾಡಿ ಮಗಳ ಶುಲ್ಕ ಕಟ್ಟಿದ್ದರು. ಅದರ ಬಡ್ಡಿಯನ್ನೂ ಸೇರಿಸಿ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. ಓಣಿಯಲ್ಲಿ ಮಾತ್ರ ನನ್ನ ಹೆಸರಿನ ಮೇಲೆ ಒಂದು ಮಾತು ಉಳಿಯಿತು. ಮುಂದೆ ಒಂದು ವರ್ಷ ಆ ಮನೆಗೆ ಒಳ್ಳೆಯ ಬಾಡಿಗೆದಾರರು ಬರಲಿಲ್ಲ.

ಅಂದಿನಿಂದ ನಾನು ಮೂರು ನಿಯಮ ಇಟ್ಟುಕೊಂಡಿದ್ದೇನೆ. ಒಂದು, ಭೋಗ್ಯಕ್ಕೆ ಕೊಡುವುದಿಲ್ಲ. ನೋಂದಣಿಯಾಗದ ಭೋಗ್ಯದ ಕಾಗದ ಮಾಲೀಕರಿಗೂ ಒಳಗಿರುವವರಿಗೂ ನಾಳೆ ತೊಡಕು. ಎರಡು, ಠೇವಣಿ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಪಡೆಯುವುದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯೂ ವಾಸದ ಮನೆಗೆ ಎರಡು ತಿಂಗಳ ಮಿತಿಯನ್ನೇ ಸೂಚಿಸಿದೆ. ಅದು ಮಾದರಿ ಮಾತ್ರ, ಆದರೂ ಅಳತೆ ಸರಿಯಾಗಿದೆ. ಮೂರು, ಠೇವಣಿ ಬಂದ ದಿನವೇ ಬೇರೆ ಖಾತೆಯಲ್ಲಿ ನಿಶ್ಚಿತ ಠೇವಣಿಯಾಗಿ ಇಡುತ್ತೇನೆ. ತೋಟಕ್ಕೆ ಎಂಥ ಕಷ್ಟ ಬಂದರೂ ಆ ಖಾತೆಗೆ ಕೈ ಹಾಕುವುದಿಲ್ಲ. ಸಂಘದಲ್ಲಿ ಸದಸ್ಯರ ಠೇವಣಿಯನ್ನು ಕಾರ್ಯದರ್ಶಿ ತನ್ನ ಮನೆ ಖರ್ಚಿಗೆ ಬಳಸಿದರೆ ನೀವು ಏನನ್ನುತ್ತೀರಿ? ಇದೂ ಅದೇ.

ಠೇವಣಿ 20,000 ರೂಪಾಯಿ ಮುಟ್ಟಿದರೆ ನಗದು ಬೇಡ. ಪಡೆಯುವುದೂ ಹಿಂತಿರುಗಿಸುವುದೂ ಬ್ಯಾಂಕಿನ ಮೂಲಕವೇ ಇರಲಿ.

6. ಗೋಡೆಗೂ ಕೊಳೆ ಬರುತ್ತದೆ

ನಮ್ಮ ಮಲೆನಾಡಿನ ಮನೆಗೆ ಇಳಿಜಾರು ಹೆಂಚು. ಅಲ್ಲಿಯವು ಹಳೆಯವಾದರೆ ಮಣ್ಣು ಹಾಕಿದ ಮಾಳಿಗೆ, ಹೊಸವಾದರೆ ಸಮತಟ್ಟಾದ ಆರ್.ಸಿ.ಸಿ. ಮಳೆ ಕಡಿಮೆ ಎಂದು ತಾರಸಿಯನ್ನು ಯಾರೂ ಗಮನಿಸುವುದಿಲ್ಲ. ಆದರೆ ಬೇಸಿಗೆಯ ಬಿಸಿಲಿಗೆ ಕಾದ ತಾರಸಿ ಬಿರುಕು ಬಿಡುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಂದೇ ರಾತ್ರಿ ಹೊಯ್ದ ಮಳೆ ಆ ಬಿರುಕಿನಿಂದ ಇಳಿಯುತ್ತದೆ.

ಒಮ್ಮೆ ಬಾಡಿಗೆದಾರರು ಅಡುಗೆ ಮನೆಯ ಮೂಲೆಯಲ್ಲಿ ಸೋರುತ್ತಿದೆ ಎಂದು ಫೋಟೋ ಕಳಿಸಿದರು. ಇಲ್ಲಿ ಕಾಫಿ ಕೊಯ್ಲಿನ ತಯಾರಿ. "ಕೊಯ್ಲು ಮುಗಿಯಲಿ, ಬರ್ತೀನಿ" ಎಂದೆ. ಆಗ ಆರು ಸಾವಿರದಲ್ಲಿ ಮುಗಿಯುತ್ತಿದ್ದ ಕೆಲಸ, ಕಬ್ಬಿಣ ತುಕ್ಕು ಹಿಡಿದು ಚಾವಣಿಯ ಗಾರೆ ಉದುರಿದ ಮೇಲೆ ನಲವತ್ತೆಂಟು ಸಾವಿರವಾಯಿತು. ಎಲೆಯಲ್ಲಿ ಚುಕ್ಕೆ ಕಂಡ ದಿನವೇ ಔಷಧಿ ಹೊಡೆಯಿರಿ ಎಂದು ಸಭೆಯಲ್ಲಿ ಭಾಷಣ ಮಾಡುವವನು ನಾನೇ.

ಆದ್ದರಿಂದ ತೋಟಕ್ಕೆ ಇರುವಂತೆ ಮನೆಗೂ ಒಂದು ವಾರ್ಷಿಕ ಕ್ಯಾಲೆಂಡರು ಬೇಕು. ಮೇ ತಿಂಗಳಲ್ಲಿ ತಾರಸಿ ಗುಡಿಸಿ, ಬಿರುಕು ತುಂಬಿಸಿ, ಬಿಳಿ ಸುಣ್ಣ ಹೊಡೆಸಿ. ಬಿಳಿ ಬಣ್ಣ ಒಳಗಿನ ಸೆಕೆಯನ್ನೂ ತಗ್ಗಿಸುತ್ತದೆ. ಮಳೆ ನೀರು ಹೋಗುವ ಕೊಳವೆ ಕಟ್ಟಿಕೊಂಡಿಲ್ಲವೆಂದು ನೋಡಿ. ಮಳೆ ಮುಗಿದ ಮೇಲೆ ಗೋಡೆ ನೋಡಿ. ಹಡಗಲಿಯ ನದಿ ಕಡೆಯ ಎರೆ ಭೂಮಿಯಲ್ಲಿ ಮಣ್ಣು ನೀರಿಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. ಪಾಯ ಆಳವಿಲ್ಲದಿದ್ದರೆ ಗೋಡೆ ಓರೆಯಾಗಿ ಬಿರಿಯುತ್ತದೆ. ಕೊಳ್ಳುವ ಮುನ್ನ ಮೂಲೆಗಳಲ್ಲಿ ಓರೆ ಬಿರುಕು ಇದೆಯೇ, ಹೊಸ ಬಣ್ಣದ ಕೆಳಗೆ ಗಾರೆ ಮೆತ್ತಿದ್ದಾರೆಯೇ ಎಂದು ಬೆರಳಿಟ್ಟು ನೋಡಿ. ಕೂಡ್ಲಿಗಿಯ ಕೆಂಪು ನೆಲದಲ್ಲಿ ಈ ಕಾಟ ಕಡಿಮೆ.

ನೀರು ಅಲ್ಲಿ ಬಾಡಿಗೆಯನ್ನೇ ನಿರ್ಧರಿಸುತ್ತದೆ. ನಾಲ್ಕು ಮನೆ, ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 100 ಲೀಟರ್ ಎಂದರೆ ದಿನಕ್ಕೆ 1,600 ಲೀಟರ್. ನಲ್ಲಿ ನೀರು ಐದು ದಿನಕ್ಕೊಮ್ಮೆ ಬರುವ ಓಣಿಯಾದರೆ 8,000 ಲೀಟರಿನ ತೊಟ್ಟಿ ನೆಲದಡಿಯಲ್ಲಿ ಇರಲೇಬೇಕು. ಕೊಳವೆ ಬಾವಿಯನ್ನೇ ನಂಬಬೇಡಿ. ಆ ಸೀಮೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚು, ಕುಡಿಯಲು ಆಗದು. ಕುಡಿಯುವ ನೀರು ಎಲ್ಲಿಂದ ಎಂಬುದನ್ನು ಮನೆ ತೋರಿಸುವಾಗಲೇ ಬಾಡಿಗೆದಾರರಿಗೆ ಹೇಳಿಬಿಡಿ.

ಪ್ರತಿ ಮನೆಗೂ ಬೇರೆ ವಿದ್ಯುತ್ ಮೀಟರು ಇರಲಿ. ಒಂದೇ ಮೀಟರಿನಲ್ಲಿ ನಾಲ್ಕು ಮನೆ ಇದ್ದರೆ ತಿಂಗಳಿಗೊಂದು ಜಗಳ ಖಚಿತ. 2023ರ ಜುಲೈನಿಂದ ಜಾರಿಯಾದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಸಿಗುತ್ತದೆ. ಬೇರೆ ಮೀಟರು ಇಲ್ಲದಿದ್ದರೆ ನಮ್ಮ ತಪ್ಪಿಗೆ ಅವರು ಆ ಸೌಲಭ್ಯ ಕಳೆದುಕೊಳ್ಳುತ್ತಾರೆ. ಮನೆ ಬಿಡುವಾಗ ಅವರ ಆಧಾರ್ ಜೋಡಣೆಯನ್ನು ಆ ಮೀಟರಿನಿಂದ ತೆಗೆಸಿಯೇ ಠೇವಣಿ ಲೆಕ್ಕ ಮುಗಿಸಿ.

ದೂರದ ಮನೆಗೆ ಅಲ್ಲಿಯೇ ಒಬ್ಬರು ನಂಬಿಕಸ್ಥರು ಬೇಕು. ಸಂಬಂಧಿಕರೇ ಆದರೂ ತಿಂಗಳಿಗೆ ಇಷ್ಟು ಎಂದು ಗೊತ್ತು ಮಾಡಿ ಕೊಡಿ. ಬಿಟ್ಟಿ ಮಾಡಿಸಿದ ಕೆಲಸಕ್ಕೆ ಲೆಕ್ಕ ಕೇಳಲು ಬಾಯಿ ಬರುವುದಿಲ್ಲ. ಸಾವಿರ ರೂಪಾಯಿವರೆಗಿನ ದುರಸ್ತಿಯನ್ನು ಕೇಳದೆ ಮಾಡಿಸುವ ಅಧಿಕಾರ ಅವರಿಗೆ ಇರಲಿ. ನಲ್ಲಿ ಸೋರಿದರೆ ಅದನ್ನು ಸರಿಪಡಿಸಲು ನಮ್ಮ ಅಪ್ಪಣೆಗೆ ಕಾಯುವಂತಾಗಬಾರದು.

7. ಬಾಡಿಗೆದಾರರ ಸಂಗಡ

ಮನೆ ನಮ್ಮದಾದರೂ ಬಾಡಿಗೆ ಕೊಟ್ಟ ಮೇಲೆ ಅದು ಅವರ ಸಂಸಾರ ನಡೆಯುವ ಜಾಗ. ಹೇಳದೆ ಕೇಳದೆ ಒಳಗೆ ಹೋಗಬಾರದು. ಬಾಡಿಗೆ ಬಾಕಿ ಎಂದು ನೀರು, ವಿದ್ಯುತ್ ನಿಲ್ಲಿಸುವುದು ಕಾನೂನು ಒಪ್ಪುವ ದಾರಿಯಲ್ಲ. ಬಾಕಿಗೆ ಮೊದಲ ತಿಂಗಳು ಮಾತು, ಎರಡನೆಯ ತಿಂಗಳು ಬರಹದ ನೋಟೀಸು, ಆಮೇಲೆ ವಕೀಲರು. ಈ ಕ್ರಮ ತಪ್ಪಬಾರದು. ಪ್ರತಿ ತಿಂಗಳೂ ರಸೀದಿ ಕೊಡಿ.

ಬಾಡಿಗೆದಾರರನ್ನು ಆರಿಸುವಾಗ ಕೇಳಬೇಕಾದದ್ದು ಕೆಲಸ, ಹಿಂದಿನ ಮನೆ, ಎಷ್ಟು ಜನ ಇರುತ್ತೀರಿ ಎಂಬುದು. ಜಾತಿ ಕೇಳಿ ಮನೆ ಇಲ್ಲವೆನ್ನುವ ರೂಢಿ ನಮ್ಮಲ್ಲಿಯೂ ಅಲ್ಲಿಯೂ ಇದೆ ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕು. ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಕಾನೂನಿನ ಮಾತು ಬಿಡಿ. ನಮ್ಮ ತೋಟದ ಕಾಫಿ ಕೊಯ್ದು ಕೊಡುವ ಕೈಗಳು ಆ ಊರುಗಳಿಂದಲೇ ಬರುತ್ತವೆ. ಅವರ ಮಕ್ಕಳು ಓದಿ ಊರಿನಲ್ಲಿ ರೂಮು ಕೇಳಿಕೊಂಡು ಬಂದಾಗ ನಮ್ಮ ಮನೆಯ ಬಾಗಿಲು ಮುಚ್ಚಿದ್ದರೆ ಸಹಕಾರಿಗಳೆಂದು ಕರೆದುಕೊಳ್ಳುವುದು ಹೇಗೆ?

ಐದು ವರ್ಷ ಒಳ್ಳೆಯ ರೀತಿಯಲ್ಲಿ ಇದ್ದವರಿಗೆ ಬಾಡಿಗೆ ಏರಿಸುವಾಗ ಕೈ ಬಿಗಿ ಹಿಡಿಯಿರಿ. ತಿಂಗಳಿಗೆ ಇನ್ನೂರು ಹೆಚ್ಚು ಕೇಳಿ ಅವರನ್ನು ಕಳೆದುಕೊಂಡರೆ ವರ್ಷಕ್ಕೆ ಬರುವುದು 2,400. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಹೋಗುವುದು 4,000. ಸುಣ್ಣ ಬಣ್ಣ ಬೇರೆ.

8. ತೆರಿಗೆ

ಅಡಿಕೆಯ ಆದಾಯ ಕೃಷಿ ಆದಾಯ. ಕೇಂದ್ರದ ಆದಾಯ ತೆರಿಗೆ ಅದಕ್ಕಿಲ್ಲ. ಬಾಡಿಗೆ ಹಾಗಲ್ಲ. ಬಂದ ಬಾಡಿಗೆಯಲ್ಲಿ ನಾವು ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30ನ್ನು ದುರಸ್ತಿ ಮುಂತಾದ ಖರ್ಚಿಗೆಂದು ಕಾನೂನೇ ಬಿಡುತ್ತದೆ. ನಿಜವಾದ ಖರ್ಚು ಹೆಚ್ಚಾದರೂ ಕಡಿಮೆಯಾದರೂ ಅಷ್ಟೇ. ಮೇಲಿನ ಉದಾಹರಣೆಯಲ್ಲಿ 1,76,000 ಬಾಡಿಗೆ ಬಂದಿತೆನ್ನಿ. 6,000 ಆಸ್ತಿ ತೆರಿಗೆ ಕಳೆದರೆ 1,70,000. ಅದರ ಶೇ 30 ಎಂದರೆ 51,000. ಉಳಿದ 1,19,000ದಲ್ಲಿ ಸಾಲದ ಬಡ್ಡಿಯನ್ನೂ ಕಳೆಯಬಹುದು. ಕೃಷಿಯೇತರ ಆದಾಯ ಮೂಲ ವಿನಾಯಿತಿ ಮಿತಿಯನ್ನು ದಾಟಿದರೆ, ತೆರಿಗೆಯ ದರ ಲೆಕ್ಕ ಹಾಕಲು ಕೃಷಿ ಆದಾಯವನ್ನೂ ಸೇರಿಸುತ್ತಾರೆ ಎಂಬುದು ನಮ್ಮ ಬೆಳೆಗಾರರಲ್ಲಿ ಹಲವರಿಗೆ ತಿಳಿಯದು. ದೊಡ್ಡ ಮಳಿಗೆ ಇರುವವರು ಇದನ್ನು ಲೆಕ್ಕ ಪರಿಶೋಧಕರಿಗೆ ತೋರಿಸಬೇಕು.

ವಾಸಕ್ಕೆ ಕೊಟ್ಟ ಮನೆಯ ಬಾಡಿಗೆಗೆ ಜಿ.ಎಸ್.ಟಿ. ಕಟ್ಟುವ ತಾಪತ್ರಯ ನಮ್ಮಂಥ ಸಣ್ಣವರಿಗಿಲ್ಲ. ಮಳಿಗೆಯದು ಬೇರೆ ಲೆಕ್ಕ. 2024ರ ಅಕ್ಟೋಬರ್‌ನಿಂದ ಮಾಲೀಕರು ಜಿ.ಎಸ್.ಟಿ. ನೋಂದಣಿ ಇಲ್ಲದವರಾದರೂ, ನೋಂದಣಿ ಇರುವ ವ್ಯಾಪಾರಿ ಬಾಡಿಗೆದಾರರು ಸಾಮಾನ್ಯವಾಗಿ ತಾವೇ ಶೇ 18 ಕಟ್ಟಬೇಕು. ಬಾಡಿಗೆ ಗೊತ್ತು ಮಾಡುವಾಗ ಈ ಮಾತು ಮೊದಲೇ ಆಗಿರಲಿ. ಆಸ್ತಿ ತೆರಿಗೆಯನ್ನು ಏಪ್ರಿಲ್ ತಿಂಗಳಲ್ಲೇ ಕಟ್ಟಿ, ಶೇ 5 ರಿಯಾಯಿತಿ ಇದೆ.

ಇದಕ್ಕೆಲ್ಲ ಒಂದು ಪುಸ್ತಕ ಸಾಕು. ಎಡ ಪುಟದಲ್ಲಿ ಬಂದದ್ದು, ಬಲ ಪುಟದಲ್ಲಿ ಹೋದದ್ದು, ಮನೆಗೊಂದು ಹಾಳೆ, ಠೇವಣಿಗೆ ಬೇರೆ ಹಾಳೆ. ತೋಟದ ಪುಸ್ತಕದಲ್ಲಿ ಇದನ್ನು ಬೆರೆಸಬೇಡಿ. ಬೆರೆಸಿದರೆ ಯಾವುದು ಯಾವುದನ್ನು ಸಾಕುತ್ತಿದೆ ಎಂದು ಎಂದಿಗೂ ಗೊತ್ತಾಗುವುದಿಲ್ಲ.

ಕೊನೆಗೆ

ಆ ಯುವ ಸದಸ್ಯರು ಮರುವಾರ ಪುನಃ ಬಂದರು. ಮಾರುವವರ ಜೊತೆ ಮಾತಾಡಿ, ಸಾಲಿನ ನಾಲ್ಕರಲ್ಲಿ ಎರಡು ಮನೆ ಮಾತ್ರ, ಸಾಲವಿಲ್ಲದೆ, ಕೈಯಲ್ಲಿರುವ ಹಣದಲ್ಲಿ ಕೊಳ್ಳಲು ಯೋಚಿಸಿದ್ದಾರೆ. ನೋಂದಣಿ ಖರ್ಚಿಗೆ ಇನ್ನೊಂದು ಫಸಲು ಕಾಯುವುದಾಗಿ ಹೇಳಿದರು. ತಾರಸಿಯನ್ನು ತಾವೇ ಹತ್ತಿ ನೋಡಿ ಬಂದಿದ್ದರು. "ಅಣ್ಣ, ಒಂದು ಮೂಲೆಯಲ್ಲಿ ಬಿರುಕಿದೆ, ಬೆಲೆಯಲ್ಲಿ ಮುರ್ಕೊಳ್ತೀನಿ" ಎಂದರು. ಪಾಠ ಅಷ್ಟರಮಟ್ಟಿಗೆ ಹತ್ತಿದೆ ಎಂದುಕೊಂಡೆ.

ಈ ಬಗ್ಗೆ ಯೋಚಿಸುತ್ತಿರುವ ಸದಸ್ಯರು ಮುಂಗಡ ಕೊಡುವ ಮೊದಲು ತಮ್ಮ ಕಾಗದಗಳೊಂದಿಗೆ ಕಚೇರಿಗೆ ಬರಬಹುದು. ಸಂಘ ಮನೆ ವ್ಯವಹಾರ ಮಾಡುವುದಿಲ್ಲ. ಆದರೆ ಚೀಟಿಯ ಹಿಂಬದಿಯಲ್ಲಿ ಒಟ್ಟಿಗೆ ಕುಳಿತು ಲೆಕ್ಕ ಹಾಕಲು ನನ್ನ ಅಡ್ಡಿಯಿಲ್ಲ.

ಕಾರ್ಯದರ್ಶಿ